ಸಿಗುತ್ತಾ ಮೇಷ್ಟ್ರೇ?

ಸಿಇಟಿ ಫಲಿತಾಂಶ ಬಂದ ಮೇಲೆ ಒಂದೂವರೆ ತಿಂಗಳು ನಮ್ಮ ಮನೆಯ ಗೇಟಿನ ಚಿಲಕಕ್ಕೆ ಬಿಡುವಿರುವುದಿಲ್ಲ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದವನು ನಾನು. ತಿಪಟೂರಿನಂಥ ಊರಲ್ಲಿ ಅಷ್ಟಿದ್ದರೆ ಸಾಕು, ಜಾತಕ ನೋಡುವವರ ಮನೆಗೆ ಹೋದ ಹಾಗೆ ಜನ ರ‍್ಯಾಂಕ್ ಹಿಡಿದುಕೊಂಡು ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ: ‘ಸಿಗುತ್ತಾ ಮೇಷ್ಟ್ರೇ?’

ಏನು ಸಿಗುತ್ತಾ ಎಂದು ಬಿಡಿಸಿ ಹೇಳುವವರು ಕಡಿಮೆ. ಖಾಸಗಿ ಕಾಲೇಜಿನ ಫೀಸಿಗೆ ತೋಟ ಅಡವಿಡಲು ಯಾರಿಗೂ ಮನಸ್ಸಿಲ್ಲ, ಹಾಗಾಗಿ ಎಲ್ಲರ ಕಣ್ಣೂ ಸರ್ಕಾರದ ವಿಶ್ವವಿದ್ಯಾಲಯಗಳ ಮೇಲೆ. ಎಂಜಿನಿಯರಿಂಗ್ ಅಂದರೆ ಬೆಂಗಳೂರಿನ ಕೆ.ಆರ್. ಸರ್ಕಲ್‌ನ ಯುವಿಸಿಇ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕಾಲೇಜು. ದಶಕಗಟ್ಟಲೆ ಬೆಂಗಳೂರು ವಿಶ್ವವಿದ್ಯಾಲಯದ ಅಂಗವಾಗಿದ್ದು, 2021ರ ಕಾಯ್ದೆಯ ಬಲದಿಂದ ತಾನೇ ಒಂದು ವಿಶ್ವವಿದ್ಯಾಲಯವಾಯಿತು. (ಬೆಳಗಾವಿಯ ವಿಟಿಯುಗೂ ಇದಕ್ಕೂ ಇರುವುದು ಒಬ್ಬರೇ ಪುಣ್ಯಾತ್ಮರ ಹೆಸರಿನ ನಂಟು. ಇದನ್ನು ವರ್ಷಕ್ಕೆ ನಾಲ್ಕು ಜನಕ್ಕಾದರೂ ಹೇಳಬೇಕಾಗುತ್ತದೆ.) ಕೃಷಿ ಅಂದರೆ ಬಳ್ಳಾರಿ ರಸ್ತೆಯ ಜಿಕೆವಿಕೆ, 1964ರಲ್ಲಿ ಶುರುವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. ನಮ್ಮ ಮಕ್ಕಳಿಗೆ ಎರಡಕ್ಕೂ ಇರುವ ದೊಡ್ಡ ಬಾಗಿಲು ಒಂದೇ: ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಜನರ ಬಾಯಲ್ಲಿ ಕೆಇಎ.

ಈ ಸಲ ಮೊದಲು ಬಂದವರು ಹೊನ್ನವಳ್ಳಿ ಕಡೆಯ ತೆಂಗಿನ ತೋಟದವರು. ಮಂಡಿಗೆ ಕೊಬ್ಬರಿ ಹಾಕಿ, ಹಾಗೇ ಮಗಳನ್ನೂ ಕರೆದುಕೊಂಡು ಬಂದಿದ್ದರು. ಅಂಗಿಯ ಜೇಬಿನಲ್ಲಿ ಎರಡು ಚೀಟಿ. ಒಂದು ಮಂಡಿಯ ಬಿಲ್ಲು, ಇನ್ನೊಂದು ಸಿಇಟಿ ರ‍್ಯಾಂಕ್. ಮೊದಲು ಕೈಗೆ ಬಂದದ್ದು ಮಂಡಿಯದು. ‘ಇದರ ಲೆಕ್ಕ ನಂಗೆ ಬರ‍್ತದೆ ಬುಡಿ, ಇದ್ನ ನೋಡಿ’ ಎಂದು ಇನ್ನೊಂದನ್ನು ಕೊಟ್ಟರು. ಹುಡುಗಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿತ್ತು.

ನನ್ನ ಹತ್ತಿರ ಒಂದು ಹಳೆಯ ರಟ್ಟಿನ ಫೈಲಿದೆ. ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿಗಳನ್ನು ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಅಡ್ಡಕ್ಕೆ ತಿರುಗಿಸಿ ಓದಬೇಕಾದ ಹಾಳೆ, ಇರುವೆ ಸಾಲಿನಂಥ ಅಂಕಿ. ಎಡಗಡೆ ಕಾಲೇಜಿನ ಬ್ರಾಂಚು, ಮೇಲೆ 24 ಕಾಲಂ: 1ಜಿ, 1ಕೆ, 1ಆರ್‌ನಿಂದ ಹಿಡಿದು ಎಸ್‌ಟಿಆರ್ ತನಕ. ಎಂಟು ಪ್ರವರ್ಗ, ಒಂದೊಂದರಲ್ಲೂ ಸಾಮಾನ್ಯ, ಕನ್ನಡ ಮಾಧ್ಯಮ, ಗ್ರಾಮೀಣ ಎಂದು ಮೂರು ಮನೆ. ಕಲ್ಯಾಣ ಕರ್ನಾಟಕದ 371ಜೆ ಸೀಟುಗಳ ಪಟ್ಟಿ ಬೇರೆಯೇ ಇದೆ. ಜನ ಇದನ್ನು ಪಂಚಾಂಗದ ಹಾಗೆ ನೋಡುತ್ತಾರೆ. ತಮ್ಮ ಕಾಲಂ ಹುಡುಕಿ, ಬೆರಳು ಇಳಿಸಿ, ಅಲ್ಲಿರುವ ಅಂಕಿಗಿಂತ ಮಗುವಿನ ರ‍್ಯಾಂಕ್ ಚಿಕ್ಕದಿದ್ದರೆ ಮುಖ ಅರಳುತ್ತದೆ, ದೊಡ್ಡದಿದ್ದರೆ ಬಾಡುತ್ತದೆ.

ಕಟ್‌ಆಫ್ ಎಂದರೆ ಕಾಲೇಜಿನವರು ಬಾಗಿಲಿಗೆ ಕಟ್ಟಿದ ಹಗ್ಗ, ಇಷ್ಟು ಎತ್ತರ ಹಾರಿದವರು ಒಳಗೆ ಎಂಬ ಭಾವನೆ ಎಲ್ಲರಿಗೂ ಇದೆ. ಅಂಥ ಹಗ್ಗವನ್ನು ಯಾರೂ ಕಟ್ಟಿಲ್ಲ. ಹೋದ ವರ್ಷ ಆ ಕಾಲಂನಲ್ಲಿ ಕೊನೆಗೆ ಸೀಟು ಸಿಕ್ಕಿದ ಒಂದು ಮಗುವಿನ ರ‍್ಯಾಂಕ್ ಅದು, ಅಷ್ಟೇ. ಆ ಮಗು ಅಲ್ಲಿ ಕೊನೆಯದಾದದ್ದು ಹೇಗೆ? ಅದಕ್ಕಿಂತ ಮುಂದಿದ್ದವರು ಐಐಟಿಗೋ ಎನ್‌ಐಟಿಗೋ ಹೋದರು, ಕಾಮೆಡ್‌-ಕೆಯಲ್ಲಿ ಹಣ ಕಟ್ಟಿ ಸೇರಿದರು, ನೀಟ್‌ನಲ್ಲಿ ವೈದ್ಯಕೀಯ ಸಿಕ್ಕಿ ಎದ್ದು ಹೋದರು, ಅಥವಾ ಬೇರೆ ಬ್ರಾಂಚನ್ನು ಮೇಲೆ ಬರೆದುಕೊಂಡಿದ್ದರು. ಅಷ್ಟೂ ಮನೆಗಳ ತೀರ್ಮಾನ ಸೇರಿ ಆದ ಅಂಕಿ ಅದು. ಈ ವರ್ಷ ಆ ಮನೆಗಳು ಬೇರೆ, ತೀರ್ಮಾನಗಳೂ ಬೇರೆ.

ಅದರಲ್ಲೂ ಸಣ್ಣ ಕಾಲಂಗಳ ಆಟ ನೋಡಬೇಕು. ಒಂದು ಬ್ರಾಂಚಿಗೆ 60 ಸೀಟು ಎಂದು ಇಟ್ಟುಕೊಳ್ಳಿ. 3ಬಿಗೆ ನೂರಕ್ಕೆ 5ರ ಲೆಕ್ಕದಲ್ಲಿ ಮೂರು ಸೀಟು. ಅದರಲ್ಲಿ ಗ್ರಾಮೀಣಕ್ಕೆ ನೂರಕ್ಕೆ 15, ಕನ್ನಡ ಮಾಧ್ಯಮಕ್ಕೆ 5. ಮೂರು ಸೀಟಿನಲ್ಲಿ ನೂರಕ್ಕೆ ಐದು ಪಾಲು ಎಂದರೆ ಎಷ್ಟು? ಸೀಟಿನ ಚೂರು. ಹಾಗಾಗಿ ಆ ಮನೆಯಲ್ಲಿ ಒಂದು ಸೀಟು ಬಂದರೆ ಬಂತು, ಇಲ್ಲದಿದ್ದರೆ ಬರೀ ಗೀಟು. ಬಂದ ಒಂದು ಸೀಟನ್ನು ಹಿಂದಿನ ವರ್ಷ ಯಾವ ಮಗು ತೆಗೆದುಕೊಂಡಿತೋ ಅದರ ರ‍್ಯಾಂಕೇ ‘3ಬಿಕೆ ಕಟ್‌ಆಫ್’. ಒಂದು ಮಗು ನೋಡಿ ಊರಿನ ಮಕ್ಕಳ ಎತ್ತರ ಹೇಳಿದ ಹಾಗೆ! ಜಿಎಂ ಕಾಲಂ ವರ್ಷದಿಂದ ವರ್ಷಕ್ಕೆ ನಿಧಾನಕ್ಕೆ ಅಲುಗಾಡುತ್ತದೆ. ಈ ಸಣ್ಣ ಮನೆಗಳು ಜೋಕಾಲಿಯಂತೆ ಜೀಕುತ್ತವೆ.

ಹೊನ್ನವಳ್ಳಿಯ ಹುಡುಗಿ 3ಬಿ. ಹತ್ತನೆಯ ತನಕ ಹಳ್ಳಿಯ ಶಾಲೆ, ಕನ್ನಡ ಮಾಧ್ಯಮ. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಕಾಲಂ. ಆದರೆ ಆ ಹುಡುಗಿ ನಿಂತಿರುವುದು ಆರು ಸಾಲಿನಲ್ಲಿ: ಜಿಎಂ, ಜಿಎಂಆರ್, ಜಿಎಂಕೆ, 3ಬಿಜಿ, 3ಬಿಆರ್, 3ಬಿಕೆ. ಆರರಲ್ಲಿ ಯಾವುದು ಮುಂದೆ ಸರಿದರೂ ಸೀಟು ಅವಳದೇ. ಇದನ್ನು ಕೇಳಿ ಅವರು, ‘ಒಂದೇ ಸಲಕ್ಕೆ ಆರು ಕಡೆ ನಿಂತ್ಕಳೋದು ಅಂದ್ರೆ ಮೋಸ ಅಲ್ವಾ?’ ಎಂದರು. ಅಲ್ಲ ಎಂದು ನಂಬಿಸಲು ಒಂದು ಲೋಟ ಕಾಫಿ ಮುಗಿಯಿತು.

ಇಷ್ಟೆಲ್ಲ ರ‍್ಯಾಂಕ್ ಕೈಗೆ ಬಂದ ಮೇಲಿನ ಮಾತು. ಕೆಲವರಿಗೆ ಅಷ್ಟು ತಡೆಯುವ ತಾಳ್ಮೆಯೂ ಇರುವುದಿಲ್ಲ. ಪರೀಕ್ಷೆ ಮುಗಿದ ಸಂಜೆಯೇ ಕೀ ಉತ್ತರ ನೋಡಿ, ‘ಇಷ್ಟು ಅಂಕಕ್ಕೆ ಎಷ್ಟು ರ‍್ಯಾಂಕ್?’ ಎಂದು ಫೋನು. ಸೂತ್ರವೇನೋ ಸುಲಭ. ಎಂಜಿನಿಯರಿಂಗ್‌ಗೆ ಸಿಇಟಿಯ 180ಕ್ಕೆ ಬಂದದ್ದರಲ್ಲಿ ಅರ್ಧ ತೂಕ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300ಕ್ಕೆ ಬಂದದ್ದರಲ್ಲಿ ಅರ್ಧ ತೂಕ. ಸಿಇಟಿಯಲ್ಲಿ 90, ಪಿಯುಸಿಯಲ್ಲಿ 270 ಬಂದಿದ್ದರೆ 50 ಮತ್ತು 90ರ ಸರಾಸರಿ, 70. ಇಲ್ಲಿಯ ತನಕ ಗಣಿತ. ಆ 70 ಯಾವ ರ‍್ಯಾಂಕ್ ಎಂಬುದು ಗಣಿತವಲ್ಲ, ಉಳಿದವರು ಏನು ಬರೆದಿದ್ದಾರೆ ಎಂಬ ಸುದ್ದಿ. 2024ರಲ್ಲೂ 2025ರಲ್ಲೂ ಎಂಜಿನಿಯರಿಂಗ್ ರ‍್ಯಾಂಕ್ ಪಡೆದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಪಟ್ಟಿಯ ನಡುಭಾಗದ ಆ ನೂಕುನುಗ್ಗಲಿನಲ್ಲಿ ಒಂದು ಪ್ರಶ್ನೆ ತಪ್ಪಿದರೆ ಮಗು ನೂರಾರು ಜನರ ಹಿಂದೆ ಬೀಳುತ್ತದೆ, ಕೆಲವೊಮ್ಮೆ ಸಾವಿರ ದಾಟಿ.

ಜೊತೆಗೆ ಆಟದ ನಿಯಮವೇ ನಡುವೆ ಬದಲಾಗುವುದುಂಟು. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲೇ ಇಲ್ಲದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಹಿಂದಿನ ವರ್ಷದ ಅಂಕ-ರ‍್ಯಾಂಕ್ ಕೋಷ್ಟಕ ಹಿಡಿದು ಕೂತಿದ್ದ ನನ್ನಂಥವರ ಕೈಯಲ್ಲಿ ಉಳಿದದ್ದು ರದ್ದಿ. 2022ರದು ಇನ್ನೂ ದೊಡ್ಡ ಕಥೆ. ಕೋವಿಡ್‌ನಿಂದಾಗಿ 2021ರಲ್ಲಿ ಪರೀಕ್ಷೆ ಬರೆಯದೆಯೇ ಪಿಯುಸಿ ಪಾಸಾದವರು ಮರುವರ್ಷ ಮತ್ತೆ ಸಿಇಟಿ ಬರೆದರು. ಅವರ ಪಿಯು ಅಂಕ ಪರಿಗಣಿಸುವುದಿಲ್ಲ ಎಂದಿತು ಪ್ರಾಧಿಕಾರ. ಸುಮಾರು 24 ಸಾವಿರ ಮಕ್ಕಳು. ವಿಷಯ ಹೈಕೋರ್ಟಿಗೆ ಹೋಯಿತು. ಅವರ ಪಿಯು ಅಂಕದಲ್ಲಿ ಒಂದಿಷ್ಟು ಕಡಿತ ಮಾಡಿ ಸೇರಿಸಿಕೊಳ್ಳುವ ರಾಜಿ ಸೂತ್ರ ಬಂತು. ಅಕ್ಟೋಬರ್‌ನಲ್ಲಿ ಹೊಸ ರ‍್ಯಾಂಕ್ ಪಟ್ಟಿಯೇ ಹೊರಬಿತ್ತು. ಜುಲೈನಲ್ಲಿ ‘ಖಂಡಿತ ಸಿಗುತ್ತೆ’ ಎಂದು ನಾನು ಬೆನ್ನು ತಟ್ಟಿ ಕಳಿಸಿದ್ದ ಹುಡುಗನೊಬ್ಬ ಅಕ್ಟೋಬರ್‌ನಲ್ಲಿ ಬಂದು ಬೇರೆಯೇ ರ‍್ಯಾಂಕ್ ತೋರಿಸಿದ. ಬೆನ್ನು ತಟ್ಟುವುದನ್ನು ಅಂದಿಗೆ ಬಿಟ್ಟೆ.

ಈಗೀಗ ಸೀಟುಗಳ ಸಂಖ್ಯೆಯೂ ನಿಂತ ನೀರಲ್ಲ. ಒಳ್ಳೆಯ ಕಾಲೇಜುಗಳು ಒಂದು ಬ್ರಾಂಚಿಗೆ ಇಷ್ಟೇ ಸೀಟು ಇಡಬೇಕೆಂಬ ಮಿತಿಯನ್ನು ಎಐಸಿಟಿಇ 2024-25ರಿಂದ ತೆಗೆದುಹಾಕಿದೆ. ಖಾಸಗಿ ಕಾಲೇಜೊಂದು ಕಂಪ್ಯೂಟರ್ ಸೈನ್ಸ್‌ಗೆ ನೂರಿನ್ನೂರು ಸೀಟು ಸೇರಿಸಿಕೊಂಡರೆ ಅಷ್ಟು ಮಕ್ಕಳು ಅತ್ತ ಸರಿಯುತ್ತಾರೆ, ಇತ್ತ ಸರ್ಕಾರಿ ಕಾಲೇಜಿನ ಕಟ್‌ಆಫ್ ಕೆಳಗಿಳಿಯುತ್ತದೆ. ಸೀಟ್ ಮ್ಯಾಟ್ರಿಕ್ಸ್ ಹೊರಬೀಳುವ ತನಕ ಎಷ್ಟು ಸೀಟಿವೆ ಎಂಬುದೇ ಪಕ್ಕಾ ಇರುವುದಿಲ್ಲ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಏಳೆಂಟು ವರ್ಷದ ಹಿಂದಿನದು. ನಮ್ಮ ಬಡಾವಣೆಯ ಬಸ್ ಕಂಡಕ್ಟರೊಬ್ಬರ ಮಗನಿಗೆ ಯುವಿಸಿಇಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಆಸೆ. ನಾನು ಫೈಲು ಬಿಚ್ಚಿ ನೋಡಿದೆ. ಹಿಂದಿನ ವರ್ಷ ನಿಂತದ್ದಕ್ಕೂ ಅವನ ರ‍್ಯಾಂಕಿಗೂ ನಾನೂರು ಚಿಲ್ಲರೆ ವ್ಯತ್ಯಾಸ. ‘ಸಿಗಲ್ಲ ಕಣೋ, ಸಿಗದೆ ಇರೋದನ್ನ ಮೇಲೆ ಹಾಕಿ ಯಾಕೆ ದಂಡ? ಸಿಗೋದನ್ನ ಮೊದಲು ಬರಿ’ ಎಂದೆ. ಮೇಷ್ಟರ ಮಾತು. ಹುಡುಗ ಯುವಿಸಿಇಯನ್ನು ಐದನೆಯದಾಗಿ ಬರೆದ, ಸಿಗುವುದೆಂದು ನಾನು ಗೀಟು ಹಾಕಿದ ಕಾಲೇಜನ್ನು ಒಂದನೆಯದಾಗಿ. ಮೊದಲ ಸುತ್ತಿನಲ್ಲೇ ಆ ಒಂದನೆಯದು ಸಿಕ್ಕಿತು. ಪೇಡಾ ತಂದುಕೊಟ್ಟರು. ವಾರದ ಮೇಲೆ ಪಟ್ಟಿ ನೋಡಿದರೆ ಆ ವರ್ಷ ಯುವಿಸಿಇಯ ಸಾಲು ಅವನ ರ‍್ಯಾಂಕ್ ದಾಟಿ ಹಿಂದೆ ಹೋಗಿತ್ತು. ಮೇಲೆ ಬರೆದಿದ್ದರೆ ಅವನದಾಗುತ್ತಿತ್ತು. ಮುಂದಿನ ಸುತ್ತಿಗೆ ಹೋಗೋಣವೆಂದರೆ ಅಲ್ಲಿ ಪರಿಗಣಿಸುವುದು ಸಿಕ್ಕ ಸೀಟಿಗಿಂತ ಮೇಲೆ ಬರೆದದ್ದನ್ನು ಮಾತ್ರ. ಒಂದನೆಯದರ ಮೇಲೆ ಏನಿದೆ? ಪೇಡಾ ಡಬ್ಬದಲ್ಲಿ ಇನ್ನೂ ಎರಡು ಉಳಿದಿದ್ದವು.

ಹಂಚಿಕೆ ನಡೆಯುವ ರೀತಿಯನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಅದಾದ ಮೇಲೆ. ಗಣಿತದ ಮೇಷ್ಟ್ರಾಗಿ ನಾಚಿಕೆಯ ಮಾತು, ಏಕೆಂದರೆ ಅದರಲ್ಲಿ ತಿಳಿಯದಂಥದ್ದು ಏನೂ ಇಲ್ಲ. ಸಂತೆಗೆ ಮೊದಲು ಹೋದವರು ಮೊದಲು ಆರಿಸಿಕೊಂಡಂತೆ. ಕಂಪ್ಯೂಟರು ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ: ಇದು ಉಳಿದಿದೆಯಾ? ಇಲ್ಲ. ಇದು? ಇಲ್ಲ. ಇದು? ಇದೆ, ತಗೋ. ಮೇಲಿನ ನಾಲ್ಕು ಖಾಲಿಯಾಗಿದ್ದವೆಂದು ಐದನೆಯದರಲ್ಲಿ ನಿಮ್ಮನ್ನು ಯಾರೂ ಹಿಂದೆ ತಳ್ಳುವುದಿಲ್ಲ. ನೀವು ತನ್ನನ್ನು ಎಷ್ಟನೆಯದಾಗಿ ಬರೆದಿದ್ದೀರಿ ಎಂಬುದು ಕಾಲೇಜಿಗೆ ಗೊತ್ತೇ ಆಗುವುದಿಲ್ಲ. ಬರೆಯಬಹುದಾದ ಆಯ್ಕೆಗಳಿಗೂ ಲೆಕ್ಕವಿಲ್ಲ. ಕೇಳುವುದಕ್ಕೆ ಕಾಸಿಲ್ಲದ ಸಂತೆ ಇದು, ಮತ್ತು ನಾನು ಆ ಹುಡುಗನಿಗೆ ‘ಕೇಳಬೇಡ’ ಎಂದಿದ್ದೆ.

ಅಂದಮೇಲೆ ‘ಸಿಗುತ್ತಾ’ ಎಂಬ ಅಂದಾಜಿಗೂ ಪಟ್ಟಿಯ ತಲೆಗೂ ಸಂಬಂಧವೇ ಇಲ್ಲ. ಮೇಲೆ ಬರೆಯಬೇಕಾದದ್ದು ಆಸೆ, ಆಸೆಯ ಕ್ರಮದಲ್ಲಿ. ಅಂದಾಜು ಬೇಕಾಗುವುದು ಬಾಲಕ್ಕೆ: ಪಟ್ಟಿಯನ್ನು ಎಲ್ಲಿಯ ತನಕ ಉದ್ದ ಮಾಡಿದರೆ ಕೈ ಖಾಲಿಯಾಗದೆ ಮನೆಗೆ ಬರಬಹುದು ಎನ್ನಲು. ಅದಕ್ಕೂ ಮೂರು ವರ್ಷದ ಅದೇ ಸುತ್ತಿನ, ಅದೇ ಕಾಲಂನ ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. ಮಾದರಿಗೆ 4200, 5100, 4600 ಇದೆ ಎನ್ನಿ. ಮಗುವಿನದು 3000 ಆದರೆ ನೆಮ್ಮದಿ. 4800 ಆದರೆ ಇತ್ತೋ ಅತ್ತೋ. 9000 ಆದರೆ ಕೆಳಗೆ ಇನ್ನೂ ಹತ್ತು ಸೇರಿಸು, ಆದರೆ ಇದನ್ನು ಅಳಿಸಬೇಡ. ಮೊದಲ ಸುತ್ತಿನ ಅಂಕಿಯನ್ನು ಕೊನೆಯ ಸುತ್ತಿನದರ ಜೊತೆ ಹೋಲಿಸಿ ಗಾಬರಿಯಾಗುವವರನ್ನೂ ನೋಡಿದ್ದೇನೆ. ಸುತ್ತು ಹೋದಂತೆ ಬಿಟ್ಟುಹೋಗುವವರಿಂದಾಗಿ ಸಾಲು ಹಿಂದಕ್ಕೆ ಬರುವುದು ವಾಡಿಕೆ.

ಅಂದಾಜಿಗೆ ನಿಜವಾದ ಬೆಲೆ ಬರುವ ಇನ್ನೊಂದು ಜಾಗವಿದೆ, ಅಲ್ಲಿ ದುಡ್ಡಿನ ಮಾತು. ಫಲಿತಾಂಶಕ್ಕೂ ಮೊದಲೇ ಕೆಲವರಿಗೆ ಫೋನು ಬರುತ್ತದೆ. ‘ನಿಮ್ಮ ರ‍್ಯಾಂಕಿಗೆ ಸರ್ಕಾರಿ ಸೀಟು ಕಷ್ಟ ಸಾರ್, ಈಗಲೇ ಅಡ್ವಾನ್ಸ್ ಕಟ್ಟಿದರೆ ಮ್ಯಾನೇಜ್‌ಮೆಂಟ್ ಸೀಟು ಹಿಡಿದಿಡುತ್ತೇವೆ.’ ರ‍್ಯಾಂಕೇ ಬಂದಿಲ್ಲ, ಕಷ್ಟ ಎಂದು ಅವರಿಗೆ ಹೇಗೆ ಗೊತ್ತು? ನಮ್ಮ ಭಯವೇ ಅವರ ಪಂಚಾಂಗ. ಅಂಥ ಹೊತ್ತಿನಲ್ಲಿ ಫೈಲು ಬಿಚ್ಚಿ ‘ನಾಲ್ಕು ವಾರ ತಡೀರಿ’ ಎಂದರೆ ಒಂದು ಮನೆಯ ಲಕ್ಷಾಂತರ ರೂಪಾಯಿ ಉಳಿಯಬಹುದು.

ಈ ಪೀಕಲಾಟ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯ ಮಗ ಒಂದು ರಾತ್ರಿ ಫೋನು ಮಾಡಿ ತನ್ನ ಮಗಳ ಲೆಕ್ಕ ಕೇಳಿದ. ಅಲ್ಲಿ 1997ರ ಒಂದು ಕಾನೂನಿದೆ: ತನ್ನ ಶಾಲೆಯ ತರಗತಿಯಲ್ಲಿ ಮೇಲಿನ ನೂರಕ್ಕೆ ಹತ್ತರೊಳಗೆ ಇದ್ದ ಮಗುವಿಗೆ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಖಾತ್ರಿ. ಆಸ್ಟಿನ್‌ನ ದೊಡ್ಡ ವಿಶ್ವವಿದ್ಯಾಲಯಕ್ಕೆ ನುಗ್ಗಲು ಹೆಚ್ಚಾಗಿ, ಅದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹತ್ತು ಇಳಿದು ಆರಾಗಿ, 2026ರಲ್ಲಿ ಸೇರುವವರಿಗೆ ಐದಾಗಿದೆ. ‘ಒಳ್ಳೇ ಶಾಲೆ ಅಂತ ಸಾಲ ಮಾಡಿ ಈ ಏರಿಯಾದಲ್ಲಿ ಮನೆ ತಗೊಂಡೆ ಮಾವ. ಈಗ ನೋಡಿದ್ರೆ ಕ್ಲಾಸಲ್ಲಿ ಎಲ್ರೂ ನಮ್ ಥರದವರ ಮಕ್ಕಳೇ. ಇವಳು ಏಳರಲ್ಲಿ ನಿಂತಿದ್ದಾಳೆ’ ಎಂದು ಅವನ ಗೋಳು. ಐದರೊಳಗೆ ಬಂದರೂ ಖಾತ್ರಿಯಾಗುವುದು ವಿಶ್ವವಿದ್ಯಾಲಯವೇ ಹೊರತು ಕಂಪ್ಯೂಟರ್ ಸೈನ್ಸ್ ಅಲ್ಲವಂತೆ. ಹೊರಗುಳಿದವರದು ಪ್ರಬಂಧ, ಚಟುವಟಿಕೆ ಎಲ್ಲ ಓದಿ ತೂಗುವ ಪದ್ಧತಿ. ಅದರ ಅಂದಾಜನ್ನು ನನ್ನ ರಟ್ಟಿನ ಫೈಲಿನಿಂದ ಹೇಳಲು ಬರುವುದಿಲ್ಲ ಎಂದೆ. ನಮ್ಮ ಸಿಇಟಿಯನ್ನು ಎಷ್ಟು ಬೈದರೂ, ಯಾರು ಯಾಕೆ ಒಳಗೆ, ಯಾರು ಯಾಕೆ ಹೊರಗೆ ಎಂಬುದನ್ನು ಒಂದು ಹಾಳೆಯಲ್ಲಿ ಬೆರಳಿಟ್ಟು ತೋರಿಸಬಹುದು. ಆ ಮಟ್ಟಿಗೆ ನಾನು ಅದರ ಪರ.

ಕೃಷಿ ಕೋಟಾದ ಕಥೆ ಮಾತ್ರ ಬೇರೆ. ಕೃಷಿ ವಿಶ್ವವಿದ್ಯಾಲಯಗಳ ಪದವಿಗಳಲ್ಲಿ ನೂರಕ್ಕೆ 40 ಸೀಟು ರೈತರ ಮಕ್ಕಳಿಗೆಂದು ಇತ್ತು, ಕೆಲವು ವರ್ಷದ ಹಿಂದೆ ಅದು 50 ಆಯಿತು. ಇದಕ್ಕೆ ಪಿಯುಸಿ, ಸಿಇಟಿ ಅಂಕದ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರಿ ಬೇರೆಯೇ ರ‍್ಯಾಂಕ್ ಬರುತ್ತದೆ. ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ಮುಂದಿಟ್ಟು ಇದೇನು ಎಂದು ಕೇಳುವ ಪರೀಕ್ಷೆ. ಪಹಣಿಯಲ್ಲಿ ಹೆಸರಿದ್ದೂ ಹೊಲದ ಬದು ಮೆಟ್ಟದ ಮಕ್ಕಳು ಇಲ್ಲಿ ತಡವರಿಸುತ್ತಾರೆ. ರಾಗಿ, ನವಣೆ ಗೊತ್ತಾಗುತ್ತದೆ. ಸಾಮೆ, ಹಾರಕ, ಬರಗು ಪಕ್ಕಪಕ್ಕ ಇಟ್ಟರೆ ನನಗೇ ಅನುಮಾನ.

ಹೊನ್ನವಳ್ಳಿ ಹುಡುಗಿ ಇದಕ್ಕೆ ಕೋಚಿಂಗ್‌ಗೆ ಹೋಗಿರಲಿಲ್ಲ. ‘ಅಜ್ಜಿ ಹೇಳ್ಕೊಟ್ರು’ ಎಂದಳು, ಅಲ್ಲಿಯ ತನಕ ಅವಳು ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ಮೊರದಲ್ಲಿ ಹತ್ತಿಪ್ಪತ್ತು ಚಿಟಿಕೆ ಕಾಳು ಗುಪ್ಪೆ ಗುಪ್ಪೆಯಾಗಿ ಇಟ್ಟು, ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರಂತೆ. ಹುಚ್ಚೆಳ್ಳು ಯಾವುದು, ಅಗಸೆ ಯಾವುದು, ಅಲಸಂದೆಯಲ್ಲಿ ಎರಡು ಬಗೆ ಏಕೆ. ತಪ್ಪಿದರೆ ಆ ಗುಪ್ಪೆಯನ್ನು ಕೈಗೆ ಹಾಕಿ ಮೂಸಲು ಹೇಳುವುದು. ಕಣ್ಣು ಮುಚ್ಚಿಸಿ ಬೆರಳಲ್ಲಿ ಹೊರಳಿಸಲು ಹೇಳುವುದು. ‘ಪರೀಕ್ಷೇಲಿ ಮೂಸಕ್ಕೆ ಬಿಡ್ತಾರಾ ಅಂತ ಕೇಳ್ದೆ. ಬಿಡದೇ ಇದ್ರೆ ಅವ್ರಿಗೇ ಬರಲ್ಲ ಅಂತ ಅರ್ಥ ಅಂದ್ರು.’ ಹೇಳಿ ತಾನೇ ನಕ್ಕಳು.

ಆಪ್ಷನ್ ಎಂಟ್ರಿ ಶುರುವಾದ ದಿನ ಮೂವರೂ ಬಸ್ ನಿಲ್ದಾಣದ ಹತ್ತಿರದ ಸೈಬರ್ ಅಂಗಡಿಗೆ ಹೋದೆವು. ಎಲ್ಲ ಕುರ್ಚಿಯ ಮೇಲೂ ಒಂದೊಂದು ಸಂಸಾರ. ಲ್ಯಾಮಿನೇಶನ್ ಮೆಷಿನ್ನಿನ ಬಿಸಿ ವಾಸನೆ. ಹುಡುಗಿ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದು ತಂದಿದ್ದಳು, ಒಟ್ಟು 38. ಅಪ್ಪ ಇಣುಕಿ ನೋಡಿದರು. ಒಂದನೆಯದು ಜಿಕೆವಿಕೆ, ಬಿಎಸ್ಸಿ ಕೃಷಿ. ಯುವಿಸಿಇ ಕಂಪ್ಯೂಟರ್ ಎರಡನೆಯದು.

‘ಕಂಪ್ಯೂಟರ್ ಮೊದ್ಲು ಅಲ್ವೇನವ್ವಾ?’

‘ಸಿಗೋದು ಬೇರೆ, ಬೇಕಾಗಿರೋದು ಬೇರೆ ಅಂತ ಸರ್ ಹೇಳಿದ್ರಲ್ಲ ಅಪ್ಪಾ.’

ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಕೃತಜ್ಞತೆ ಇತ್ತೆಂದು ಹೇಳಲಾರೆ.

ಅವಳಿಗೆ ತಲೆಯ ಚಿಂತೆ ಇರಲಿಲ್ಲ, ಬಾಲದ್ದೇ ಇತ್ತು. ಕೊನೆಯ ಮೂರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು. ‘ಸರ್, ಇವು ಸಿಕ್ಕೇ ಸಿಗುತ್ತೆ ಅಂತ ನೀವು ಸೇರಿಸಿದ್ದು. ಆದ್ರೆ ಸಿಕ್ಕಿದ್ರೂ ನಾನು ಹೋಗಲ್ಲ. ತೆಗೀಲಾ?’ ಒಂದು ತೀರ ದೂರ, ಒಂದರಲ್ಲಿ ಹಾಸ್ಟೆಲ್ ಇಲ್ಲ, ಇನ್ನೊಂದು ಬ್ರಾಂಚು ಏನೆಂದೇ ತನಗೆ ಗೊತ್ತಿಲ್ಲ ಎಂದಳು. ಮೂರು ವರ್ಷದ ಅಂಕಿ ಮತ್ತೊಮ್ಮೆ ನೋಡಿದೆ. ಹಾಸ್ಟೆಲ್ ಇಲ್ಲದ್ದನ್ನು ಉಳಿಸು, ಆ ಊರಲ್ಲಿ ನಿಮ್ಮ ಚಿಕ್ಕಮ್ಮ ಇದ್ದಾರಲ್ಲ ಎಂದೆ. ಉಳಿದೆರಡು ಹೋದವು. 36.

ಅಂಗಡಿಯ ಹುಡುಗ ಸೇವ್ ಒತ್ತಿದ. ‘ಓಟಿಪಿ ಹೇಳಿ.’ ಅಪ್ಪ ಜೇಬು ಮುಟ್ಟಿಕೊಂಡರು. ಅರ್ಜಿಗೆ ಕೊಟ್ಟಿದ್ದ ನಂಬರಿನ ಫೋನು ಹೊನ್ನವಳ್ಳಿಯಲ್ಲಿ, ಅಜ್ಜಿಯ ಹತ್ತಿರ. ನನ್ನ ಮೊಬೈಲಿನಿಂದ ಮಾಡಿದೆ. ಪಕ್ಕದ ಮನೆ ಹುಡುಗನನ್ನು ಕರೆದು ಓದಿಸಿದ್ದಾರೆ, ಅದು ಕೇಳಿಸಿತು. ಆಮೇಲೆ ಅಜ್ಜಿಯ ದನಿ: ‘ನೀವ್ಯಾರು? ಇದನ್ನ ಯಾರ‍್ಗೂ ಹೇಳಬ್ಯಾಡಿ ಅಂತ ಬರ‍್ದೈತಂತೆ. ನಾ ಹೇಳಾಕಿಲ್ಲ.’

ಹಿಂದೆ ಇಬ್ಬರು ಸಾಲಿನಲ್ಲಿ ಕಾಯುತ್ತಿದ್ದರು. ಫೋನನ್ನು ಮೊಮ್ಮಗಳ ಕೈಗೆ ಕೊಟ್ಟೆ.